ಕೊನೆ ಕೈಕೊಟ್ಟರೂ ಕಾದಂಬರಿಯನ್ನು ಕೈಬಿಡದೆ ಓದುವ ಬಗೆ

(ಮೂರು ಕಾದಂಬರಿಗಳ ಕೊನೆ ಇಲ್ಲಿ ಬಯಲಾಗಿದೆ. ಓದಿಲ್ಲದವರು ಮೊದಲು ಓದಿಕೊಂಡು ಬನ್ನಿ.)

ನಾನೂರು ಪುಟ ನಿದ್ದೆಗೆಡಿಸಿ ಓದಿಸಿಕೊಂಡ ಕಾದಂಬರಿ ಕೊನೆಯ ಹತ್ತಿಪ್ಪತ್ತು ಪುಟಗಳಲ್ಲಿ ಕೈಕೊಟ್ಟರೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಯಾರಿಗೂ ‘ಓದಬೇಡಿ’ ಅನ್ನಬೇಡಿ. ಒಂದು ವಾರ ಬಿಟ್ಟು, ಪುಸ್ತಕ ತೆರೆಯದೆ, ಮನಸ್ಸಿನಲ್ಲಿ ಉಳಿದ ಐದು ಸನ್ನಿವೇಶಗಳನ್ನು ಹಾಳೆಯಲ್ಲಿ ಬರೆಯಿರಿ. ಅವುಗಳಲ್ಲಿ ಕೊನೆಯ ಅಧ್ಯಾಯದವು ಎಷ್ಟು ಎಂದು ಎಣಿಸಿ. ಒಂದೂ ಇಲ್ಲದಿದ್ದರೆ, ಮತ್ತೆ ಓದಬೇಕಾದದ್ದು ಆ ಐದನ್ನೇ.

ಕೈಯಲ್ಲಿರುವ ಪ್ರತಿ ಪೂರ್ಣವೋ ಸಂಗ್ರಹವೋ ನೋಡಿಕೊಳ್ಳಿ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ 59 ಅಧ್ಯಾಯಗಳಿವೆ. ಶಾಲಾ ಆವೃತ್ತಿಯಲ್ಲಿ ಓದಿದ್ದರೆ ನಿಮಗೆ ನಿರಾಸೆ ಮಾಡಿದ್ದು ಕತ್ತರಿ ಹಾಕಿದವರೂ ಇರಬಹುದು.

ಮುಂದಿನದು ಮುಖ್ಯ ಕೆಲಸ: ನಂಬಿಕೆ ಕಳಚಿದ ಜಾಗ ಹುಡುಕುವುದು. ಕೊನೆಯಿಂದ ಹಿಂದಕ್ಕೆ, ಒಂದೊಂದು ಅಧ್ಯಾಯದ ಮೊದಲ ಪುಟವನ್ನಷ್ಟೇ ಓದುತ್ತಾ ಹೋಗಿ. ‘ಇಲ್ಲಿಯವರೆಗೆ ಸರಿಯಿತ್ತು’ ಅನ್ನಿಸಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆ ಗೆರೆ ಕೊನೆಯ ಪುಟಕ್ಕಿಂತ ಬಹಳ ಹಿಂದೆಯೇ ಬೀಳಬಹುದು. ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ನ 43 ಅಧ್ಯಾಯಗಳಲ್ಲಿ ಅನೇಕರಿಗೆ ಅದು 31ರ ನಂತರವೇ ಬೀಳುತ್ತದೆ. 31ರಲ್ಲಿ ಕಥಾನಾಯಕ ಹುಡುಗ ಹಕ್, ನರಕಕ್ಕೆ ಹೋದರೂ ಸರಿ, ಗುಲಾಮ ಜಿಮ್‌ನನ್ನು ಬಿಡಿಸುತ್ತೇನೆಂದು ನಿರ್ಧರಿಸುತ್ತಾನೆ. ಆಮೇಲೆ ಅವನ ಗೆಳೆಯ ಟಾಮ್ ಸಾಯರ್ ಬಂದು ಆ ಬಿಡುಗಡೆಯನ್ನು ಹುಡುಗಾಟ ಮಾಡುತ್ತಾನೆ. ಜಿಮ್‌ಗೆ ಸ್ವಾತಂತ್ರ್ಯ ಸಿಕ್ಕಾಗಿದೆ ಎಂಬುದು ಟಾಮ್‌ಗೆ ಮೊದಲೇ ಗೊತ್ತಿರುತ್ತದೆ. 1876ರಲ್ಲಿ ಶುರುಮಾಡಿ, ನಡುನಡುವೆ ವರ್ಷಗಟ್ಟಲೆ ಪಕ್ಕಕ್ಕಿಟ್ಟು, 1883ರಲ್ಲಿ ಮುಗಿಸಿದ ಪುಸ್ತಕವಿದು. ಜಿಮ್‌ನನ್ನು ಕದ್ದೊಯ್ಯುವಲ್ಲಿಗೇ ನಿಲ್ಲಿಸಿ ಎಂದು ಅಮೆರಿಕನ್ ಕಾದಂಬರಿಕಾರ ಹೆಮಿಂಗ್ವೇ 1935ರಲ್ಲಿ ಬರೆದ. ಪೂರ್ತಿ ಅವನ ಮಾತು ಕೇಳಬೇಡಿ. 33ರಿಂದ 39ರವರೆಗೆ ಬೇಗ ತಿರುವಿಹಾಕಿ, 40 ಮತ್ತು 42ನ್ನು ನಿಧಾನವಾಗಿ ಓದಿ. ಗುಂಡೇಟು ತಿಂದ ಟಾಮ್‌ನನ್ನು ಬಿಟ್ಟು ಓಡಿಹೋಗಬಹುದಿದ್ದ ಜಿಮ್, ಡಾಕ್ಟರ್ ಬರುವವರೆಗೂ ಕದಲುವುದಿಲ್ಲ ಅನ್ನುತ್ತಾನೆ. ಮತ್ತೆ ಸೆರೆ ಸಿಗುತ್ತಾನೆ. ಮೊದಲೇ ನಿಲ್ಲಿಸಿದವರಿಗೆ ಈ ಜಿಮ್ ದಕ್ಕುವುದೇ ಇಲ್ಲ.

ಗೆರೆ ಎಳೆದ ಮೇಲೆ, ಕೊನೆ ಹಾಗೇಕಾಯಿತು ಎಂದು ವಿಚಾರಿಸಿ. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಡಿಕನ್ಸ್ ಮೊದಲು ಬರೆದ ಕೊನೆಯಲ್ಲಿ, ಕಥಾನಾಯಕ ಪಿಪ್ ಪ್ರೀತಿಸಿದ ಎಸ್ಟೆಲ್ಲಾ ಒಬ್ಬ ಡಾಕ್ಟರನ್ನು ಮರುಮದುವೆಯಾಗಿರುತ್ತಾಳೆ. ಲಂಡನ್ ಬೀದಿಯಲ್ಲಿ ಪಿಪ್‌ನನ್ನು ಕಂಡು, ಎರಡು ಮಾತಾಡಿ ಹೊರಟುಹೋಗುತ್ತಾಳೆ. ಸ್ನೇಹಿತ, ಕಾದಂಬರಿಕಾರ ಬುಲ್ವರ್ ಲಿಟನ್ ಒತ್ತಾಯಿಸಿದ್ದರಿಂದ ಅಚ್ಚಿಗೆ ಮೊದಲೇ ಅದನ್ನು ಬದಲಿಸಿ, ಹಾಳು ತೋಟದಲ್ಲಿ ಇಬ್ಬರೂ ಕೈಹಿಡಿಯುವಂತೆ ಮಾಡಲಾಯಿತು. ಹಲವು ವಿದ್ವತ್ ಆವೃತ್ತಿಗಳ ಅನುಬಂಧದಲ್ಲಿ ಹಳೆಯ ಕೊನೆ ಸಿಗುತ್ತದೆ. ಎರಡನ್ನೂ ಒಂದೇ ದಿನ ಓದಬೇಡಿ. ಎರಡನೆಯದು ಪ್ರತಿಸ್ಪರ್ಧಿಯಂತೆ ಕಂಡು, ತೀರ್ಪು ಕೊಡುವುದರಲ್ಲೇ ಓದು ಮುಗಿದುಹೋಗುತ್ತದೆ.

ಎರಡೂ ಒಪ್ಪಿಗೆಯಾಗದಿದ್ದರೆ 27ನೇ ಅಧ್ಯಾಯಕ್ಕೆ ಹೋಗಿ. ಕಮ್ಮಾರ ಜೋ, ದೊಡ್ಡ ಮನುಷ್ಯನಾಗಿರುವ ಪಿಪ್‌ನನ್ನು ನೋಡಲು ಲಂಡನ್ನಿಗೆ ಬರುತ್ತಾನೆ. ಟೋಪಿಯನ್ನು ಒಲೆಗೂಡಿನ ಅಂಚಿನಲ್ಲಿಡುತ್ತಾನೆ, ಅದು ಮತ್ತೆಮತ್ತೆ ಬೀಳುತ್ತದೆ. ಸಾಕಿದ ಹುಡುಗನನ್ನೇ ‘ಸರ್’ ಅನ್ನುತ್ತಾನೆ. ಹೊರಡುವಾಗ ಮಾತ್ರ, ಬದುಕೆಂದರೆ ಬೆಸುಗೆ ಹಾಕಿದ ಎಷ್ಟೋ ಅಗಲಿಕೆಗಳು ಎಂದು ತನ್ನ ಕಸುಬಿನ ಮಾತಿನಲ್ಲೇ ಹೇಳುತ್ತಾನೆ. ಅಲ್ಲಿಂದ ನೇರ 57ಕ್ಕೆ: ಕಾಯಿಲೆ ಬಿದ್ದ ಪಿಪ್‌ನ ಆರೈಕೆ ಮಾಡಿ, ಸಾಲ ತೀರಿಸಿ, ಬೆಳಗಾಗುವಷ್ಟರಲ್ಲಿ ಜೋ ಹೊರಟುಹೋಗಿರುತ್ತಾನೆ. ನಮ್ಮ ಮಟ್ಟಿಗೆ ಕಾದಂಬರಿಯ ನಿಜವಾದ ಕೊನೆ ಇದೇ. ಎಸ್ಟೆಲ್ಲಾಳ ವಿಷಯ ಹೇಗಾದರೂ ಆಗಲಿ, ಇದು ಅಲುಗುವುದಿಲ್ಲ.

ತೆರೆದ ಕೊನೆಗೆ ಬೇರೆ ಉಪಾಯ ಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಊರಿನ ಕಡೆಗೆ ಗಾಡಿ ಹತ್ತುವಲ್ಲಿಗೆ ನಿಲ್ಲುತ್ತದೆ. ‘ಇಷ್ಟಕ್ಕೇ ಮುಗಿಯಿತೇ?’ ಅನ್ನಿಸಿದರೆ ನೀವು ಯಾವ ಪ್ರಶ್ನೆಗೆ ಉತ್ತರ ಕಾಯುತ್ತಿದ್ದಿರಿ ಎಂದು ಒಂದು ಸಾಲಿನಲ್ಲಿ ಬರೆಯಿರಿ. ‘ಆಚಾರ ಮೀರಿ ಬದುಕಿ ಸತ್ತ, ಅಗ್ರಹಾರದವರು ಸಂಸ್ಕಾರ ಮಾಡಲೊಲ್ಲದ ನಾರಣಪ್ಪನ ಹೆಣದ ಗತಿಯೇನು’ ಎಂದಾದರೆ, ಉತ್ತರ ಬಹಳ ಹಿಂದೆಯೇ ಸಿಕ್ಕಿದೆ: ಅವನ ಜೊತೆ ಬಾಳಿದ ಚಂದ್ರಿ ಇರುಳಲ್ಲೇ ಹೆಣ ಸುಡಿಸಿದ್ದಾಳೆ, ಅಗ್ರಹಾರಕ್ಕೆ ಗೊತ್ತಿಲ್ಲ ಅಷ್ಟೆ. ‘ಚಂದ್ರಿಯನ್ನು ಕೂಡಿದ್ದನ್ನು ಆಚಾರ್ಯರು ಎಲ್ಲರೆದುರು ಬಾಯಿಬಿಡುತ್ತಾರೆಯೇ’ ಎಂದಾದರೆ, ಅವರು ದಾರಿಯಲ್ಲಿ ಜೊತೆಯಾದ ಪುಟ್ಟನ ಜೊತೆ ತಿರುಗುವ ಭಾಗವನ್ನು ಮತ್ತೆ ಓದಿ. ಹೇಳಬೇಕು ಅಂದುಕೊಂಡು ಎಷ್ಟು ಸಲ ಹಿಂಜರಿದರು ಎಂದು ಗುರುತು ಹಾಕಿಕೊಳ್ಳಿ.

ಗೆಳೆಯರಿಗೆ ಪುಸ್ತಕ ಕೊಡುವಾಗ ‘ಕೊನೆ ಚೆನ್ನಾಗಿಲ್ಲ’ ಎಂದು ಮೊದಲೇ ಹೇಳಬೇಡಿ. ಆಮೇಲೆ ಅವರು ಅದನ್ನೇ ಕಾಯುತ್ತಾ ಓದುತ್ತಾರೆ. ‘27ನೇ ಅಧ್ಯಾಯ ಬಂದಾಗ ಫೋನ್ ಮಾಡು’ ಅನ್ನಿ.