ಬ್ಯೂಟಿ ಪೋರ್ಟ್ರೇಟ್‌ಗೆ ಒಂದು ಕಿಟಕಿ, ಒಂದು ಥರ್ಮಾಕೋಲ್ ಶೀಟ್

ಮಾಡೆಲ್‌ಗಳ ಪೋರ್ಟ್‌ಫೋಲಿಯೊ ತೆಗೆಯಲು ಶುರು ಮಾಡಿದವರು ಮೊದಲು ಲೈಟ್ ಕೊಳ್ಳಲು ಓಡುತ್ತಾರೆ. ನಾನೂ ಓಡಿದ್ದೆ. ಸುಮ್ನೆ ದುಡ್ಡು ದಂಡ. ಶುರುವಿಗೆ ಮನೆಯ ದೊಡ್ಡ ಕಿಟಕಿ ಸಾಕು. ನೇರ ಬಿಸಿಲು ಬೀಳುತ್ತಿದ್ದರೆ ತೆಳು ಬಿಳಿ ಪಂಚೆ ಕಟ್ಟಿ. ಮಾಡೆಲ್ ಕಿಟಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಕೂರಲಿ. ಮುಖದ ಇನ್ನೊಂದು ಬದಿಗೆ ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಶೀಟ್ ಹಿಡಿಸಿ. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ಗಾಢ. ಅಷ್ಟೇ ಆಟ.

ರೂಮಿನ ಟ್ಯೂಬ್‌ಲೈಟ್ ಆಫ್ ಮಾಡುವುದನ್ನು ಮರೀಬೇಡಿ. ನಾನೊಮ್ಮೆ ಮರೆತು, ಒಂದು ಕೆನ್ನೆ ಸರಿ, ಇನ್ನೊಂದು ಹಸಿರು! ಎರಡು ರಾತ್ರಿ ಎಡಿಟಿಂಗ್‌ನಲ್ಲೇ ಹೋಯಿತು.

ವೈಡ್ ಲೆನ್ಸ್ (ಹೆಚ್ಚು ಅಗಲದ ದೃಶ್ಯ ಹಿಡಿಯುವ ಲೆನ್ಸ್) ಹಿಡಿದು ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತದೆ. 85 ಎಂಎಂ ಲೆನ್ಸ್ ಚೆನ್ನ, ಕ್ಯಾಮೆರಾದ್ದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಆದರೆ 50 ಎಂಎಂ ನಡೆಯುತ್ತದೆ. ಅಪರ್ಚರ್, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿ, ಎಫ್ 1.8ಕ್ಕೆ ಅಗಲವಾಗಿ ತೆರೆದರೆ ಒಂದು ಕಣ್ಣು ಶಾರ್ಪ್, ಇನ್ನೊಂದು ಮಸುಕು. ಮೇಕಪ್ ತೋರಿಸಬೇಕಾದ ಕ್ಲೋಸಪ್‌ಗೆ ಕಿಂಡಿ ಚಿಕ್ಕದು ಮಾಡಿ, ಎಫ್ 5.6 ಅಥವಾ 8 ಇಡಿ.

ಹಣೆ, ಮೂಗು ಮಿಂಚಿದರೆ ಟಿಶ್ಯೂ ಒತ್ತಿ ತೆಗೆಸಿ. ಉಜ್ಜಿದರೆ ಫೌಂಡೇಶನ್ ಎದ್ದು ಬರುತ್ತದೆ.

ಇನ್ನೊಂದು ಮಾತು. ಕೂದಲು, ಸೆರಗು ಸರಿಮಾಡಲು ನೀವೇ ಕೈ ಹಾಕಬೇಡಿ. ‘ಎಡಗಡೆ ಒಂದು ಎಳೆ ಕಣ್ಣಿಗೆ ಬಂದಿದೆ ಮೇಡಂ’ ಅಂದರೆ ಸಾಕು, ಅವರೇ ಸರಿಮಾಡಿಕೊಳ್ಳುತ್ತಾರೆ. ‘ನಗಿ’ ಅಂತಲೂ ಹೇಳಬೇಡಿ, ತುಟಿ ಬಿಗಿಯಾಗುತ್ತದೆ. ಕಣ್ಣು ಮುಚ್ಚಿ ಉಸಿರು ಬಿಡಲು ಹೇಳಿ. ಕಣ್ಣು ತೆರೆದ ಕ್ಷಣ ಕ್ಲಿಕ್ ಮಾಡಿ.