40 ಬಗೆಯ ಬಟನ್ 4ಕ್ಕೆ ಇಳಿದ ಕಥೆ

ಒಂದು ಮಧ್ಯಾಹ್ನ ನಮ್ಮ ಆನ್‌ಲೈನ್ ಪಾಠದ ಆ್ಯಪ್‌ನಲ್ಲಿ ಎಷ್ಟು ಬಗೆಯ ಬಟನ್ ಇವೆ ಅಂತ ಎಣಿಸಲು ಕೂತೆ. 40 ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಹಸಿರೊಂದರಲ್ಲೇ ಹತ್ತೋ ಹನ್ನೊಂದೋ ಛಾಯೆ. 'ಮುಂದೆ', 'ಮುಂದುವರಿಸಿ', 'ನೆಕ್ಸ್ಟ್' ಮೂರೂ ಒಂದೇ ಕೆಲಸ ಮಾಡುತ್ತಿದ್ದವು.

ಹೀಗಾದದ್ದು ಯಾರ ತಪ್ಪೂ ಅಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮಲ್ಲಿ ಸುಮಾರು 20 ಸಾವಿರ ಮಕ್ಕಳಿದ್ದರು. ವರ್ಷ ಕಳೆಯುವಷ್ಟರಲ್ಲಿ ಎರಡೂವರೆ ಲಕ್ಷ. ಎಸ್‌ಎಸ್‌ಎಲ್‌ಸಿಗೆ ಒಂದು ತಂಡ, ಪಿಯುಸಿಗೆ ಒಂದು, ಎಫ್‌ಡಿಎ ತಯಾರಿಗೆ ಇನ್ನೊಂದು. ಪ್ರತಿ ತಂಡವೂ ತನಗೆ ತೋಚಿದ ಹಾಗೆ ಪರದೆ ಕಟ್ಟಿತು.

ಇದನ್ನೆಲ್ಲ ಒಂದೇ ರೂಪಕ್ಕೆ ತರುವ ಕೆಲಸವನ್ನು ಮೊದಲ ಸಲ ಹೊರಗಿನ ಏಜೆನ್ಸಿಗೆ ಕೊಟ್ಟೆವು. ಆರು ಲಕ್ಷ ಹೋಯಿತು. ಫಿಗ್ಮಾ ಅನ್ನೋ ಡಿಸೈನ್ ತಂತ್ರಾಂಶದಲ್ಲಿ ಅವರು ಮಾಡಿದ ಲೈಬ್ರರಿ (ಸಿದ್ಧ ಬಟನ್, ಕಾರ್ಡುಗಳ ಸಂಗ್ರಹ) ಏನೋ ಚೆನ್ನಾಗಿಯೇ ಇತ್ತು. ಆದರೆ ಎಲ್ಲ ಪರದೆಯಲ್ಲೂ ಇಂಗ್ಲಿಷ್ ಪಠ್ಯ. ಕನ್ನಡ ಹಾಕಿದ ಕೂಡಲೇ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಯಿತು. 'ಸ್ವಾತಂತ್ರ್ಯ' ಅನ್ನೋ ಪದದ ಕೆಳಭಾಗ ಕಾರ್ಡಿನ ಅಂಚಿನಲ್ಲಿ ಮಾಯ. 'ಸಬ್ಮಿಟ್' ಕೂತಿದ್ದ ಜಾಗದಲ್ಲಿ 'ಉತ್ತರಗಳನ್ನು ಸಲ್ಲಿಸಿ' ಕೂರುತ್ತದೆಯೇ? 360 ಪಿಕ್ಸೆಲ್ ಅಗಲದ ಅಗ್ಗದ ಫೋನಿನಲ್ಲಂತೂ ಎರಡು ಸಾಲಾಗಿ ಬಟನ್ನೇ ಉಬ್ಬಿಕೊಂಡಿತು. ಆ ಲೈಬ್ರರಿಯನ್ನು ಯಾವ ಡೆವಲಪರ್ ಕೂಡ ತೆರೆದು ನೋಡಲಿಲ್ಲ.

ಎರಡನೆಯ ಸಲದ ಪೆದ್ದುತನ ನನ್ನದೇ. ಎಲ್ಲ ಪರದೆಗಳನ್ನೂ ಒಂದೇ ರಾತ್ರಿ ಬದಲಿಸಿದೆವು. ಅದೂ ಪರೀಕ್ಷೆಗೆ ಹತ್ತು ದಿನ ಇರುವಾಗ. ಬೆಳಿಗ್ಗೆ ಏಳಕ್ಕೇ ಫೋನ್ ಶುರು: ಹಳೆ ಪ್ರಶ್ನೆಪತ್ರಿಕೆ ಎಲ್ಲಿ ಹೋಯ್ತು? ನಾಲ್ಕೇ ದಿನಕ್ಕೆ ಹಳೆಯದನ್ನು ವಾಪಸ್ ತಂದೆವು. ಹಣ ವಾಪಸ್ ಕೇಳಿದವರಿಗೆ ಕೊಟ್ಟದ್ದು ಎರಡು ಲಕ್ಷದ ಹತ್ತಿರ. 'ಇನ್ನು ರೀಡಿಸೈನ್ ಅನ್ನೋ ಮಾತು ಎತ್ತಬೇಡ' ಅಂತ ಮೇಲಿನವರು ನೇರವಾಗಿಯೇ ಹೇಳಿದರು.

ಹಾಗಾಗಿ ಮೂರನೆಯ ಸಲ ಆ ಪದವನ್ನೇ ಬಳಸಲಿಲ್ಲ. ವಾರಕ್ಕೆ ಒಂದು ದಿನ ಇಬ್ಬರು ಡೆವಲಪರ್‌ಗಳನ್ನು ಕೊಡಿ ಅಂತ ಮಾತ್ರ ಕೇಳಿದೆ. ಬಟನ್ ಬಣ್ಣ ಬಳಿಯೋಕೆ ಇಬ್ಬರಾ ಅಂತ ನಕ್ಕವರಿದ್ದಾರೆ. ಇರಲಿ.

ಎಲ್ಲರೂ ಹೋಮ್ ಪೇಜಿನಿಂದ ಶುರು ಮಾಡುತ್ತಾರೆ, ನಾನು ಕ್ವಿಜ್ ಪರದೆಯಿಂದ ಮಾಡಿದೆ. ಅತಿ ಕೊಳಕು ಅದೇ. ಅತಿ ಜಾಸ್ತಿ ಬಳಸುವುದೂ ಅದನ್ನೇ. ಕಾಂಪೊನೆಂಟ್ (ಬಟನ್, ಕಾರ್ಡಿನಂಥ ಮತ್ತೆ ಮತ್ತೆ ಬಳಸುವ ತುಣುಕು) ಮೊದಲು ಕೋಡ್‌ನಲ್ಲಿ, ಆಮೇಲೆ ಫಿಗ್ಮಾದಲ್ಲಿ. ಕ್ರಮ ಉಲ್ಟಾ ಅಂತ ಡಿಸೈನರ್ ಗೆಳೆಯರು ಬೈದರು. ಆದರೆ ಕೋಡ್‌ನಲ್ಲಿ ಇದ್ದದ್ದನ್ನು ಡೆವಲಪರ್‌ಗಳು ಬಳಸಿದರು, ಅಷ್ಟೇ ಸಾಕಿತ್ತು. ಈ ತುಣುಕುಗಳನ್ನು ಬಿಡಿಬಿಡಿಯಾಗಿ ತೋರಿಸುವ ಸ್ಟೋರಿಬುಕ್‌ ಅನ್ನೋ ಸಾಧನದಲ್ಲಿ ಪ್ರತಿ ಕಾಂಪೊನೆಂಟ್‌ಗೂ 'ಸ್ವಾತಂತ್ರ್ಯೋತ್ತರ ಕರ್ನಾಟಕದ ಆರ್ಥಿಕ ಬೆಳವಣಿಗೆ' ಅನ್ನೋ ಪಾಠದ ಹೆಸರನ್ನೇ ತುಂಬಿದೆ. ಅದು ಕೂತರೆ ಏನು ಬೇಕಾದರೂ ಕೂರುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟಿಗೆ ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.6 ಪಟ್ಟು ಇಟ್ಟೆವು, ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವೆ ಸೇರಿಸುವ ಜಾಗ) ಪೂರ್ತಿ ಸೊನ್ನೆ.

ಕೋಡ್‌ನಲ್ಲಿ ಬಣ್ಣದ ಸಂಖ್ಯೆಯನ್ನು ನೇರವಾಗಿ ಬರೆದರೆ ಬಿಲ್ಡ್ (ಕೋಡಿನಿಂದ ಆ್ಯಪ್ ತಯಾರಾಗುವ ಹಂತ) ನಿಲ್ಲುವ ಹಾಗೆ ಲಿಂಟ್ ನಿಯಮ, ಅಂದರೆ ಕೋಡನ್ನು ತಾನಾಗಿಯೇ ತಪಾಸಣೆ ಮಾಡುವ ನಿಯಮ, ಹಾಕಿದೆವು. ಬಣ್ಣ ಟೋಕನ್‌ನಿಂದಲೇ, ಅಂದರೆ ಒಂದೇ ಕಡೆ ಹೆಸರಿಟ್ಟು ಬರೆದಿಟ್ಟ ಬಣ್ಣದಿಂದಲೇ, ಬರಬೇಕು. ಮೊದಲ ವಾರ ಹಿಡಿಶಾಪ. ಒಬ್ಬ ಹುಡುಗ ಬಣ್ಣವನ್ನು ಒಂದು ಚಿತ್ರದೊಳಗೆ ಅಡಗಿಸಿ ನಿಯಮ ದಾಟಿದ. ಅವನನ್ನೇ ಕರೆದು ಟೋಕನ್‌ಗಳ ಉಸ್ತುವಾರಿ ಕೊಟ್ಟೆ.

ಕಾರ್ಡಿನಲ್ಲಿ ಉದ್ದದ ಹೆಸರು ಕತ್ತರಿಸುವುದು ಬೇರೆಯೇ ತಲೆನೋವು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್ ಅಕ್ಷರ ಎಣಿಸುವ ಯುನಿಕೋಡ್‌ಗೆ ಆರು. ಆ ಲೆಕ್ಕದಲ್ಲಿ 30ಕ್ಕೆ ಕತ್ತರಿಸಿದರೆ ಕೊನೆಗೆ ಬರೀ ಅರ್ಧಾಕ್ಷರ ನೇತಾಡುತ್ತದೆ. ನಾವು ಬರೆದ 20 ಸಾಲಿನ ಪರಿಹಾರ ಇಲ್ಲಿ ಹಾಕುವುದಿಲ್ಲ. ಅದಕ್ಕೆ ಮೂರು ಭಾನುವಾರ ಹೋಗಿದೆ!

ನಡುವೆ ಒಂದು ಹುಚ್ಚು ಹಿಡಿಯಿತು. ಕ್ವಿಜ್ ಟೈಮರ್‌ಗೆ ಕನ್ನಡ ಅಂಕಿ ಹಾಕೋಣ ಅಂತ. ನೋಡಲು ಚೆಂದ. ಆದರೆ ಓಡುವ ಗಡಿಯಾರದಲ್ಲಿ ೬ ಮತ್ತು ೯ ಮಕ್ಕಳಿಗೆ ಗಲಿಬಿಲಿ ಮಾಡಿದವು. ಎರಡು ದಿನಕ್ಕೆ ತೆಗೆದೆ. ಈಗಲೂ ಬೇಜಾರಿದೆ.

ಮೇಲಿನವರ ಬಾಯಿ ಮುಚ್ಚಿದ್ದು ರಾಜ್ಯೋತ್ಸವ. ಅಕ್ಟೋಬರ್ ಕೊನೆಯ ದಿನ ಮಧ್ಯಾಹ್ನ, ನಾಳೆ ಆ್ಯಪ್ ಪೂರ್ತಿ ಹಳದಿ-ಕೆಂಪು ಆಗಬಹುದಾ ಅಂದರು. ಮೊದಲಾಗಿದ್ದರೆ ಮೂರು ವಾರದ ಕೆಲಸ. ಈಗ ಟೋಕನ್‌ಗಳ ಬಣ್ಣವಷ್ಟೇ ಬದಲಿಸಿ ಸಂಜೆ ಆರಕ್ಕೆ ತೋರಿಸಿದೆವು. ಹಳದಿ ಮೇಲೆ ಬಿಳಿ ಅಕ್ಷರ ಕಾಣುತ್ತಿರಲಿಲ್ಲ, ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅಂತರ) ಸಲೀಸಾಗಿ ಓದಲು ಬೇಕಾದ 4.5:1ರ ಹತ್ತಿರವೂ ಇರಲಿಲ್ಲ. ಅಕ್ಷರದ ಟೋಕನ್ ಒಂದನ್ನು ಕಪ್ಪು ಮಾಡಿದೆವು, ಮುಗಿಯಿತು. 'ಇಷ್ಟೇನಾ?' ಅಂದರು.

ಬಟನ್ 4 ಬಗೆಗೆ ಇಳಿಯಲು ಒಟ್ಟು 14 ತಿಂಗಳು ಹಿಡಿಯಿತು. ಸಂಬಳದ ಲೆಕ್ಕದಲ್ಲಿ ಏಳೆಂಟು ಲಕ್ಷ, ಅಂದರೆ ಮೊದಲೆರಡು ಸಲ ಸುಮ್ನೆ ಕಳೆದಷ್ಟೇ. ಹೊಸ ಕೋರ್ಸ್ ಹೊರಗೆ ಬರಲು ಐದಾರು ವಾರ ಬೇಕಿತ್ತು, ಈಗ ಒಂಬತ್ತು-ಹತ್ತು ದಿನ. ತೆಲುಗು ಸೇರಿಸಿದಾಗ ಹೆಚ್ಚೇನೂ ಮುಟ್ಟಬೇಕಾಗಲಿಲ್ಲ. ಮರಾಠಿ ಮಾತ್ರ ಆಟ ಆಡಿಸಿತು. ಕನ್ನಡಕ್ಕೆ ಕೆಳಗೆ ಜಾಗ ಬೇಕು, ದೇವನಾಗರಿಗೆ ಮೇಲೆ. ಅಲ್ಲಿ ಹಲವು ಮಾತ್ರೆಗಳು (ಸ್ವರಚಿಹ್ನೆಗಳು), ಅನುಸ್ವಾರ ನೆತ್ತಿ ಮೇಲೆ.

ಹಣ ಕಟ್ಟುವ ಪರದೆ ಇನ್ನೂ ಹಳೆಯದೇ. ಅಲ್ಲಿ ಮೂರು ಬಗೆಯ ಹಸಿರು ಹಾಗೇ ಉಳಿದಿವೆ. ದುಡ್ಡು ಬರುವ ಜಾಗ ಅಲ್ವಾ, ಪರೀಕ್ಷೆಗಳು ಮುಗಿಯುವ ತನಕ ಯಾರೂ ಮುಟ್ಟಬಾರದು ಅಂತ ನಾನೇ ಹೇಳಿದ್ದೇನೆ.