ಹೋಟೆಲ್ ಗ್ಯಾಲರಿಯಲ್ಲಿ ಅಮೂರ್ತ ಚಿತ್ರಗಳ ಗ್ರೂಪ್ ಶೋ: ಮೊದಲು ಗೋಡೆ ಖಾಲಿ ಮಾಡಿಸಿ

ಬೆಂಗಳೂರಿನಲ್ಲಿ ಐದಾರು ಕಲಾವಿದರು ಸೇರಿ ಶೋ ಮಾಡೋಣ ಅಂದರೆ ಮೊದಲು ನೆನಪಾಗುವುದು ಚಿತ್ರಕಲಾ ಪರಿಷತ್ತು. ಅಲ್ಲಿ ಬೇಕಾದ ತಾರೀಖು ಸಿಗದಿದ್ದಾಗ, ಅಥವಾ ಬೇರೆ ಥರದ ಜನವೂ ನೋಡಲಿ ಅನ್ನಿಸಿದಾಗ ಹೋಟೆಲ್ ಗ್ಯಾಲರಿಯ ಮಾತು ಬರುತ್ತದೆ. ಒಳ್ಳೆಯ ಯೋಚನೆಯೇ. ಆದರೆ ನಿಮ್ಮ ಚಿತ್ರಗಳು ಎರಡು ಗೆರೆ, ಒಂದು ಬಣ್ಣ, ಉಳಿದದ್ದೆಲ್ಲ ಬಿಳಿ ಅನ್ನುವ ಥರದವಾದರೆ ಜಾಸ್ತಿ ಹುಷಾರಾಗಿರಬೇಕು. ಹೋಟೆಲಿನವರಿಗೆ ಗೋಡೆ ತುಂಬಿರಬೇಕು, ನಿಮ್ಮ ಕೆಲಸಕ್ಕೆ ಗೋಡೆ ಖಾಲಿ ಇರಬೇಕು. ಈ ಎಳೆದಾಟದಲ್ಲಿ ಗೆದ್ದರೆ ಶೋ ಅರ್ಧ ಗೆದ್ದ ಹಾಗೆ.

ಜಾಗ ನೋಡಲು ಎರಡು ಸಲ ಹೋಗಿ, ಬೆಳಿಗ್ಗೆ ಒಮ್ಮೆ, ದೀಪ ಹತ್ತಿದ ಮೇಲೆ ಒಮ್ಮೆ. ಗ್ಯಾಲರಿ ಅಂತ ಹೆಸರಿದ್ದರೂ ಅದು ಎಷ್ಟೋ ಸಲ ಲಾಬಿಯಿಂದ ರೆಸ್ಟೋರೆಂಟಿಗೆ ಹೋಗುವ ಕಾರಿಡಾರ್ ಆಗಿರುತ್ತದೆ. ಅಲ್ಲಿ ಸೋಫಾ, ಹೂದಾನಿ, ಕನ್ನಡಿ, ಬ್ಯಾಂಕ್ವೆಟ್ ಹಾಲಿನ ದಾರಿ ತೋರಿಸುವ ಬೋರ್ಡು ಎಲ್ಲ ಇರುತ್ತವೆ. ಫೋಟೋ ತೆಗೆದುಕೊಳ್ಳಿ, ಟೇಪ್ ಹಿಡಿದು ಅಳೆಯಿರಿ. ಬೆಂಕಿ ಆರಿಸುವ ಸಿಲಿಂಡರ್, ಸ್ವಿಚ್‌ಬೋರ್ಡ್ ಇವನ್ನು ಮುಟ್ಟಲಾಗದು, ಅವುಗಳ ಪಕ್ಕದ ಗೋಡೆ ನಿಮ್ಮ ಲೆಕ್ಕಕ್ಕಿಲ್ಲ ಅಂದುಕೊಳ್ಳಿ. ಉಳಿದದ್ದರಲ್ಲಿ ಏನೇನು ತೆಗೆಸಬೇಕೋ ಪಟ್ಟಿ ಮಾಡಿ ಮ್ಯಾನೇಜರಿಗೆ ಇಮೇಲ್ ಹಾಕಿ. ಬಾಯಿಮಾತಿನಲ್ಲಿ ಆಯ್ತು ಅಂದಿದ್ದು ಮುಂದಿನ ಶಿಫ್ಟಿನವರಿಗೆ ಗೊತ್ತಿರುವುದಿಲ್ಲ.

ಇನ್ನು ಚಿತ್ರಗಳ ಸಂಖ್ಯೆ. ಗ್ರೂಪ್ ಶೋನಲ್ಲಿ ಎಲ್ಲರಿಗೂ ಇನ್ನೊಂದು ಹಾಕಬೇಕು ಅನ್ನಿಸುತ್ತದೆ, ಸಹಜ. ಅದಕ್ಕೇ ಕೊನೆಯ ಮಾತು ಒಬ್ಬರದೇ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಸಾಧ್ಯವಾದರೆ ಆ ಒಬ್ಬರ ಚಿತ್ರ ಶೋನಲ್ಲಿ ಇರದಿದ್ದರೇ ಒಳ್ಳೆಯದು. ನನ್ನ ಲೆಕ್ಕ ಇದು: ಎರಡು ಚಿತ್ರಗಳ ನಡುವೆ ಕಡಿಮೆ ಅಂದರೂ ಒಂದು ಚಿತ್ರದ ಅಗಲದಷ್ಟು ಜಾಗ ಇರಬೇಕು. ಒಬ್ಬೊಬ್ಬರದು ಎರಡೆರಡೇ ಆದರೂ ಸಾಕು. ಕಂದು ಕಾಗದವನ್ನು ಚಿತ್ರದ ಅಳತೆಗೆ ಕತ್ತರಿಸಿ ಗೋಡೆಗೆ ಮಾಸ್ಕಿಂಗ್ ಟೇಪಿನಲ್ಲಿ ಅಂಟಿಸಿ, ದೂರ ನಿಂತು ನೋಡಿ, ಒಂದೊಂದೇ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದ ಮೇಲೆ ಪಕ್ಕದ್ದು ಚೆನ್ನಾಗಿ ಕಾಣಿಸಿತೋ ಅದು ಈ ಶೋಗೆ ಬೇಡ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಥರದ ಕೆಲಸ ಸಾಯುವುದೇ ಇಲ್ಲಿ. ನಮ್ಮ ಬೆಂಗಳೂರಿನ ಪ್ರಭಾವತಿ ಮೇಪ್ಪಯಿಲ್ ಅವರ ಕೆಲಸ ನೋಡಿದ್ದೀರಾ? ಅಕ್ಕಸಾಲಿಗರ ಮನೆತನದವರು, 2013ರ ವೆನಿಸ್ ಬಿಯನಾಲೆ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಅವರ ಕೃತಿಗಳಿದ್ದವು. ಹಲಗೆಯ ಮೇಲೆ ಬಿಳಿ ಗೆಸ್ಸೋ (ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲೆಸಿದ ಲೇಪ) ಪದರಗಳನ್ನು ಬಳಿದು, ಅದರೊಳಗೆ ತೆಳ್ಳಗಿನ ತಾಮ್ರದ ತಂತಿ ಹುದುಗಿಸಿ, ಉಜ್ಜಿ ಉಜ್ಜಿ ಆ ತಂತಿ ಅಲ್ಲಲ್ಲಿ ಇಣುಕುವ ಹಾಗೆ ಮಾಡುತ್ತಾರೆ. ಕೆಲವು ಫಲಕಗಳಲ್ಲಿ ಅಕ್ಕಸಾಲಿಗರ ಉಪಕರಣದಿಂದ ಒತ್ತಿದ ಸಣ್ಣ ಸಣ್ಣ ಗುರುತುಗಳು ಮಾತ್ರ ಇರುತ್ತವೆ. ಇಂಥ ಫಲಕಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಬಿಳಿ ಹಲಗೆಯಷ್ಟೇ ಕಾಣುತ್ತದೆ. ಬೆಳಕು ಪಕ್ಕದಿಂದ ಅಥವಾ ಮೇಲಿನಿಂದ ಗೋಡೆ ಸವರಿಕೊಂಡು ಬಂದರೆ ಪ್ರತಿ ಗುರುತಿಗೂ ಒಂದು ಸಣ್ಣ ನೆರಳು ಹುಟ್ಟುತ್ತದೆ, ಕೆಲಸ ಎದ್ದು ಕಾಣುತ್ತದೆ. ನಿಮ್ಮ ಗುಂಪಿನಲ್ಲಿ ಮೈ ಉಬ್ಬುತಗ್ಗು ಇರುವ ಚಿತ್ರ ಯಾವುದಿದ್ದರೂ ಇದನ್ನೇ ಮಾಡಿ. ನುಣುಪಾದ ಕ್ಯಾನ್ವಾಸಿಗೆ ಮಾತ್ರ ಸಾಮಾನ್ಯವಾಗಿ ಹೇಳುವ ಹಾಗೆ ದೀಪವನ್ನು ನೇರ ಕೆಳಮುಖದಿಂದ ಗೋಡೆಯ ಕಡೆ 30 ಡಿಗ್ರಿ ತಿರುಗಿಸಿದರೆ ಸಾಕು.

ಬಲ್ಬಿನ ಬಣ್ಣವನ್ನೂ ಕೇಳಿ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಹೋಟೆಲುಗಳಲ್ಲಿ 2700 ಕೆಲ್ವಿನ್ ಸುತ್ತಮುತ್ತಲಿನ ಹಳದಿ ದೀಪ ಜಾಸ್ತಿ. ಊಟಕ್ಕೆ, ಹರಟೆಗೆ ಅದು ಹಿತ. ಆದರೆ ಅದರ ಕೆಳಗೆ ಬಿಳಿ ಬಣ್ಣ ಬೆಣ್ಣೆಯಂತಾಗುತ್ತದೆ, ನೀಲಿ ಬೆರೆತ ಬೂದು ಸುಮ್ನೆ ಕೊಳೆಯಾದಂತೆ ಕಾಣುತ್ತದೆ. 3500ರಿಂದ 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ, ಗರಿಷ್ಠ 100) 90ಕ್ಕಿಂತ ಮೇಲಿರುವ ಎಲ್ಇಡಿ ಹಾಕಿಸಲು ಆಗುತ್ತಾ ನೋಡಿ. ಹೋಟೆಲಿನವರು ಕೊಡದಿದ್ದರೆ ಎಲ್ಲರೂ ದುಡ್ಡು ಹಾಕಿ ತನ್ನಿ, ಶೋ ಮುಗಿದ ಮೇಲೆ ಬಲ್ಬು ನಿಮ್ಮದೇ ಅಲ್ವಾ. ಕ್ಯಾಟಲಾಗ್ ಮುದ್ರಣದ ಖರ್ಚು ಕಡಿಮೆ ಮಾಡಿಯಾದರೂ ಈ ಖರ್ಚು ಮಾಡಿ.

ಕಾಗದದ ಮೇಲಿನ ಕೆಲಸಕ್ಕೆ ಗಾಜು ಬೇಕೇ ಬೇಕು, ಗಾಜು ಅಂದರೆ ಪ್ರತಿಬಿಂಬ. ಎದುರಿಗೆ ಕಿಟಕಿಯೋ ಮಿನುಗುವ ಶಾಂಡ್ಲಿಯರೋ ಇದ್ದರೆ ಪೆನ್ಸಿಲ್ ಗೆರೆ ಕಾಣುವುದೇ ಇಲ್ಲ. ಅಂಥವನ್ನು ಒಳಗಿನ ಗೋಡೆಗೆ ಹಾಕಿ, ಇಲ್ಲವಾದರೆ ಪ್ರತಿಬಿಂಬ ತೀರಾ ಕಡಿಮೆ ಇರುವ ಮ್ಯೂಸಿಯಂ ಗಾಜು ಬಳಸಿ. ದುಬಾರಿ, ಆದರೆ ಬೇರೆ ದಾರಿಯಿಲ್ಲ.

ನೇತುಹಾಕುವ ಲೆಕ್ಕ ಸುಲಭ. ಚಿತ್ರದ ಮಧ್ಯಭಾಗ ನೆಲದಿಂದ 145 ಸೆಂಟಿಮೀಟರ್ ಎತ್ತರದಲ್ಲಿರಲಿ. 90 ಸೆಂಟಿಮೀಟರ್ ಎತ್ತರದ ಕ್ಯಾನ್ವಾಸ್ ಇದೆ, ಹಿಂದಿನ ತಂತಿಯನ್ನು ಎಳೆದು ಹಿಡಿದಾಗ ಅದು ಮೇಲಂಚಿನಿಂದ 8 ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ ಅಂದುಕೊಳ್ಳಿ. 145ಕ್ಕೆ ಅರ್ಧ ಎತ್ತರ 45 ಕೂಡಿಸಿ, 8 ಕಳೆಯಿರಿ. ಮೊಳೆ 182ರಲ್ಲಿ. ಮೊಳೆ ಒಂದಲ್ಲ, ಎರಡು ಹೊಡೆಯಿರಿ. ಹೋಟೆಲಿನಲ್ಲಿ ಬಾಗಿಲು ಬಡಿಯುತ್ತಿರುತ್ತದೆ, ಲಗೇಜ್ ಟ್ರಾಲಿ ಓಡಾಡುತ್ತಿರುತ್ತದೆ, ಒಂದೇ ಮೊಳೆಯ ಚಿತ್ರ ಸಂಜೆಯೊಳಗೆ ವಾಲುತ್ತದೆ. ಬಣ್ಣ ತುಂಬಿದ ಚಿತ್ರ ಕೂದಲೆಳೆಯಷ್ಟು ವಾಲಿದರೆ ಯಾರಿಗೂ ಗೊತ್ತಾಗುವುದಿಲ್ಲ, ನೇರ ಗೆರೆಯ ಚಿತ್ರದಲ್ಲಿ ಕಣ್ಣು ಅಲ್ಲಿಗೇ ಹೋಗುತ್ತದೆ. ಲೇಸರ್ ಲೆವೆಲ್ ಬಾಡಿಗೆಗಾದರೂ ತನ್ನಿ.

ಹೌಸ್‌ಕೀಪಿಂಗ್ ಸಿಬ್ಬಂದಿಯ ಜೊತೆ ಕೂತು ಮಾತಾಡಿ. ಒದ್ದೆ ಬಟ್ಟೆ, ಸ್ಪ್ರೇ ಯಾವುದೂ ಚಿತ್ರದ ಹತ್ತಿರ ಬರಬಾರದು, ಧೂಳು ನಾವೇ ಒರೆಸುತ್ತೇವೆ ಅಂತ ವಿನಯವಾಗಿ ಹೇಳಿ. ಪ್ರತಿ ಚಿತ್ರದ ಮುಂದೆ ಅವರನ್ನು ನಿಲ್ಲಿಸಿ, ಇದನ್ನು ಹೇಗೆ ಮಾಡಿದ್ದು ಅಂತ ತೋರಿಸಿ. ಅತಿಥಿಗಳು ಇದೇನು ಅಂತ ಮೊದಲು ಕೇಳುವುದು ಅವರನ್ನೇ, ನಿಮ್ಮನ್ನಲ್ಲ.

ಲೇಬಲ್ ಕನ್ನಡದಲ್ಲೂ ಇರಲಿ. ಶೀರ್ಷಿಕೆ ಇಲ್ಲದಿದ್ದರೆ ಕಷ್ಟಪಟ್ಟು ಒಂದು ಕಟ್ಟಬೇಡಿ. ಭಾರತದ ಹೆಸರಾಂತ ಅಮೂರ್ತ ಕಲಾವಿದೆ ನಸ್ರೀನ್ ಮೊಹಮ್ಮದಿಯವರ ಗೆರೆಚಿತ್ರಗಳಲ್ಲಿ ಹೆಚ್ಚಿನವಕ್ಕೆ ಹೆಸರೇ ಇಲ್ಲ. ಆದರೂ 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಶಾಖೆ ಮೆಟ್ ಬ್ರಾಯರ್ ಬಾಗಿಲು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದು. ಹೆಸರಿನ ಬದಲು ಮಾಧ್ಯಮ ಸರಿಯಾಗಿ ಬರೆಯಿರಿ: ಕಾಗದದ ಮೇಲೆ ಗ್ರಾಫೈಟ್, ಹಲಗೆಯ ಮೇಲೆ ಸುಣ್ಣ, ಹೀಗೆ. ಅಷ್ಟು ಓದಿದವರು ಮತ್ತೆ ತಲೆಯೆತ್ತಿ ಚಿತ್ರ ನೋಡುತ್ತಾರೆ.

ದೊಡ್ಡ ಹೋಟೆಲಿನ ಗೇಟು ದಾಟಲು ಎಷ್ಟೋ ಜನರಿಗೆ ಸಂಕೋಚ. ಆರ್ಟ್ ಸ್ಕೂಲ್ ಹುಡುಗರಿಗಂತೂ ಇನ್ನೂ ಜಾಸ್ತಿ. ಆಹ್ವಾನದಲ್ಲೇ ಬರೆಯಿರಿ: ಪ್ರವೇಶ ಉಚಿತ, ಏನೂ ಕೊಳ್ಳಬೇಕಿಲ್ಲ, ಯಾವ ಗೇಟು, ಬೈಕ್ ಎಲ್ಲಿ ನಿಲ್ಲಿಸಬೇಕು, ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ. ಗೇಟಿನ ಸೆಕ್ಯೂರಿಟಿಯವರಿಗೂ ಒಂದು ಆಹ್ವಾನಪತ್ರ ಕೊಟ್ಟಿರಿ.

ಒಪ್ಪಂದದಲ್ಲಿ ಕಮಿಷನ್ ಎಷ್ಟು, ಚಿತ್ರಕ್ಕೆ ಹಾನಿಯಾದರೆ ಯಾರು ಕೊಡಬೇಕು, ಇನ್ಶೂರೆನ್ಸ್ ಯಾರದು ಅನ್ನುವುದರ ಜೊತೆ ಮದುವೆ ಸೀಸನ್ನಿನ ಮಾತೂ ಇರಲಿ. ರಿಸೆಪ್ಷನ್ ಬುಕ್ ಆಯಿತು ಅಂತ ಚಿತ್ರಗಳನ್ನು ಇಳಿಸುವಂತಿಲ್ಲ, ಇಳಿಸುವುದೇ ಆದರೆ ನಿಮ್ಮವರೊಬ್ಬರು ಎದುರಿಗಿರಬೇಕು. ಗೋಡೆಗೆ ಹಾಕುವ ದಿನವೇ ಪ್ರತಿ ಚಿತ್ರದ ಮುಂದೆ, ಹಿಂದೆ, ನಾಲ್ಕು ಮೂಲೆಗಳ ಫೋಟೋ ತೆಗೆದಿಡಿ. ಇಳಿಸುವಾಗ ಅದೇ ಫೋಟೋ ಹಿಡಿದು ಹೋಲಿಸಿ, ಮೊಳೆ ತೂತುಗಳಿಗೆ ಪುಟ್ಟಿ ತುಂಬಿ, ಗೋಡೆಯ ಬಣ್ಣದ ಶೇಡ್ ನಂಬರ್ ಮೊದಲೇ ಕೇಳಿಟ್ಟುಕೊಂಡಿದ್ದರೆ ಟಚಪ್ ಮಾಡಿ, ಅವತ್ತೇ ಚಿತ್ರಗಳನ್ನು ಮನೆಗೆ ಒಯ್ಯಿರಿ. ಹೋಟೆಲಿನ ಸ್ಟೋರ್ ರೂಮಿನಲ್ಲಿ ಒಂದು ರಾತ್ರಿಯೂ ಬಿಡಬೇಡಿ, ಅಲ್ಲಿ ಕುರ್ಚಿಗಳ ರಾಶಿ ಇರುತ್ತದೆ.